ಅಹಮದ್ ಖಾನ್ (ಫುಟ್‌ಬಾಲ್ ಆಟಗಾರ)

ಅಹಮದ್ ಖಾನ್ (24 ಡಿಸೆಂಬರ್ 1926 – 27 ಆಗಸ್ಟ್ 2017) ಬೆಂಗಳೂರಿನಲ್ಲಿ ಜನಿಸಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮೂಲಕ ಹೆಸರಾದ ಭಾರತದ ಫುಟ್‌ಬಾಲ್ ಆಟಗಾರರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ತಂಡದಲ್ಲಿಯೂ ಇದ್ದರು. ದಾಳಿಯ ಸಾಲಿನ ಎಡಭಾಗದಲ್ಲಿ 'ಇನ್‌ಸೈಡ್ ಲೆಫ್ಟ್' ಸ್ಥಾನದಲ್ಲಿ ಆಡುತ್ತಿದ್ದ ಅವರನ್ನು, ಚೆಂಡಿನ ಮೇಲಿದ್ದ ಹಿಡಿತಕ್ಕಾಗಿ ಅಭಿಮಾನಿಗಳು 'ಹಾವಾಡಿಗ' ಎಂದು ಕರೆಯುತ್ತಿದ್ದರು. ಭಾರತೀಯರು ಬರಿಗಾಲಿನಲ್ಲಿ ಕಾಲ್ಚೆಂಡಾಡುತ್ತಿದ್ದ ಕಾಲದ ಕೊನೆಯ ದೊಡ್ಡ ಆಟಗಾರರಲ್ಲಿ ಅವರೂ ಒಬ್ಬರು. ಬೂಟು ಕಡ್ಡಾಯವಾದ ಮೇಲೂ ಹಲವು ವರ್ಷ ಮುಂಚೂಣಿಯಲ್ಲಿ ಉಳಿದದ್ದು ಅವರ ವೃತ್ತಾಂತದ ವಿಶೇಷ.

ಹಿನ್ನೆಲೆ

ಅಹಮದ್ ಖಾನ್ ಹುಟ್ಟಿದ ಕಾಲದ ಬೆಂಗಳೂರು ಎರಡು ಊರುಗಳ ಒಂದು ಊರಾಗಿತ್ತು. ಒಂದು, ಮೈಸೂರು ಸಂಸ್ಥಾನದ ಆಡಳಿತದಲ್ಲಿದ್ದ ಪೇಟೆ. ಇನ್ನೊಂದು, ಬ್ರಿಟಿಷರ ಆಡಳಿತದಲ್ಲಿದ್ದ ದಂಡು. ಫುಟ್‌ಬಾಲ್ ಬೇರುಬಿಟ್ಟದ್ದು ದಂಡಿನಲ್ಲಿ. ಅಲ್ಲಿ ಬೀಡುಬಿಟ್ಟಿದ್ದ ಸೈನಿಕ ಪಡೆಗಳು ಕವಾಯತು ಮೈದಾನಗಳಲ್ಲಿ ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು. ಸೈನಿಕರ ಬೂಟು, ಮೇಜೋಡು, ಸಮವಸ್ತ್ರಗಳಾವುವೂ ಈ ಹುಡುಗರಿಗೆ ಎಟುಕುವಂಥವಾಗಿರಲಿಲ್ಲ. ಎಟುಕಿದ್ದು ಆಟ ಮಾತ್ರ. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಮುಂತಾದ ಬಡಾವಣೆಗಳು ಮುಂದೆ ಹಲವು ತಲೆಮಾರುಗಳ ಆಟಗಾರರನ್ನು ದೇಶಕ್ಕೆ ಕೊಟ್ಟವು. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಬ್ರೆಜಿಲ್ ದೇಶದ ಪೆಲೆಯವರ ಪ್ರತಿಮೆಯನ್ನು ಕಾಣಬಹುದು.

ಅಹಮದರ ಮನೆಯೇ ಒಂದು ಫುಟ್‌ಬಾಲ್ ಮನೆತನ. ಬಾಬಾ ಖಾನ್ ಎಂದು ಹೆಸರಾಗಿದ್ದ ತಂದೆ ಸ್ವತಃ ಆಟಗಾರರಾಗಿದ್ದರು. ಸಹೋದರರಲ್ಲಿಯೂ ಹಲವರು ಇದೇ ಆಟದಲ್ಲಿ ತೊಡಗಿದವರು. ಅಹಮದರ ಬಾಲ್ಯದಲ್ಲಿಯೇ ಬೆಂಗಳೂರಿನ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದ ಒಂದು ಸಂಗತಿ ನಡೆಯಿತು. ಮುಂಬಯಿಯಲ್ಲಿ 1891ರಿಂದ ನಡೆದುಬಂದಿದ್ದ ರೋವರ್ಸ್ ಕಪ್ ಪಂದ್ಯಾವಳಿಯನ್ನು ಅಲ್ಲಿಯವರೆಗೆ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಆ ಕಪ್ಪನ್ನು ಗೆದ್ದಿತು. ಒಮ್ಮೆ ಗೆದ್ದದ್ದು ಅದೃಷ್ಟದ ಬಲದಿಂದ ಎಂದವರಿಗೆ ಉತ್ತರವೆಂಬಂತೆ 1938ರಲ್ಲಿಯೂ ಗೆದ್ದಿತು. ಆಗ ಅಹಮದರಿಗೆ ಹನ್ನೆರಡು ವರ್ಷವೂ ತುಂಬಿರಲಿಲ್ಲ. ಮುಂದೆ ಅವರು ಅದೇ ತಂಡದ ಮೂಲಕ ಬೆಳೆದು ಬಂದರು.

ಮೈಸೂರು ಸಂಸ್ಥಾನದ ತಂಡಕ್ಕೆ ಆ ದಶಕ ಏರುಗಾಲ. ಅಂತರ-ಪ್ರಾಂತೀಯ ಚಾಂಪಿಯನ್‌ಶಿಪ್ ಆದ ಸಂತೋಷ್ ಟ್ರೋಫಿಯನ್ನು ಮೈಸೂರು ಮೊದಲ ಬಾರಿಗೆ ಗೆದ್ದದ್ದು 1946–47ರಲ್ಲಿ, ಬೆಂಗಳೂರಿನಲ್ಲಿಯೇ. ಸೋತ ತಂಡ ಬಂಗಾಳ. ದೇಶದ ಫುಟ್‌ಬಾಲ್ ರಾಜಧಾನಿ ಎನಿಸಿದ್ದ ಕಲ್ಕತ್ತೆಯ ಕ್ಲಬ್ಬುಗಳ ಕಣ್ಣು ಬೆಂಗಳೂರಿನ ಹುಡುಗರ ಮೇಲೆ ಬೀಳಲು ಇದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ.

ಆಟದ ಸ್ಥಾನ ಮತ್ತು ಶೈಲಿ

ಇಂದಿನ ಓದುಗರಿಗೆ 'ಇನ್‌ಸೈಡ್ ಲೆಫ್ಟ್' ಎಂಬ ಹೆಸರು ಅಪರಿಚಿತವಾಗಿರಬಹುದು. ಆ ಕಾಲದಲ್ಲಿ ಭಾರತದ ತಂಡಗಳು 2-3-5 ಎಂಬ ವ್ಯೂಹದಲ್ಲಿ ಆಡುತ್ತಿದ್ದವು: ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್, ಅವರ ಮುಂದೆ ಮೂವರು ಹಾಫ್‌ಬ್ಯಾಕ್, ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡ್. ಐವರಲ್ಲಿ ಇಬ್ಬರು ಮೈದಾನದ ಎರಡು ಅಂಚುಗಳಲ್ಲಿ ಓಡುವ ವಿಂಗರ್‌ಗಳು; ನಡುವೆ ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್; ಆತನಿಗೂ ವಿಂಗರ್‌ಗಳಿಗೂ ನಡುವೆ ಎರಡು ಕಡೆ ಒಬ್ಬೊಬ್ಬ 'ಇನ್‌ಸೈಡ್'. ಈ ಇನ್‌ಸೈಡ್ ಆಟಗಾರನ ಕೆಲಸ ತೂಕದ್ದು. ಹಿಂದೆ ಸರಿದು ಹಾಫ್‌ಬ್ಯಾಕ್‌ನಿಂದ ಚೆಂಡು ಪಡೆಯಬೇಕು, ಎದುರಾಳಿಯನ್ನು ವಂಚಿಸಬೇಕು, ವಿಂಗರ್‌ಗೆ ಹಾದಿ ತೆರೆಯಬೇಕು, ಸಮಯ ಬಂದಾಗ ತಾನೇ ಗೋಲಿನ ಮೇಲೆ ನುಗ್ಗಬೇಕು. ಇಂದು ಎಡ ವಿಂಗರ್ ಮತ್ತು ದಾಳಿಯ ಮಿಡ್‌ಫೀಲ್ಡರ್ ಇಬ್ಬರು ಹಂಚಿಕೊಂಡು ಮಾಡುವ ಕೆಲಸವನ್ನು ಅಂದು ಒಬ್ಬನೇ ಮಾಡಬೇಕಾಗಿತ್ತು.

ಅಹಮದ್ ಖಾನರ ಹಿರಿಮೆ ಇದ್ದದ್ದು ಓಟದ ವೇಗದಲ್ಲಲ್ಲ, ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಸಾಗಿಸುವ ಕಲೆಯಲ್ಲಿ. ಚೆಂಡು ತಮ್ಮ ಬಳಿಯಿದ್ದಾಗ ಎದುರಾಳಿಯನ್ನು ಮೊದಲು ಚಲಿಸುವಂತೆ ಮಾಡಿ, ಆತ ಹೆಜ್ಜೆ ಇಟ್ಟ ದಿಕ್ಕಿಗೆ ವಿರುದ್ಧವಾಗಿ ತಿರುಗುವುದು ಅವರ ಪದ್ಧತಿ. ಹಾವಾಡಿಗ ಎಂಬ ಬಿರುದಿನ ಅರ್ಥವೂ ಇದೇ: ಬ್ಯಾಕ್‌ಗಳನ್ನು ದಾಟಿ ಹೋಗುವುದಕ್ಕಿಂತ ಅವರನ್ನು ಆಡಿಸುವುದು.

ಈ ಕಲೆಗೂ ಬರಿಗಾಲಿಗೂ ನೇರ ಸಂಬಂಧವಿತ್ತು. ಚೆಂಡಿನ ತೊಗಲು ಅಂಗಾಲಿಗೆ, ಬೆರಳಿಗೆ ನೇರವಾಗಿ ತಾಗುವುದರಿಂದ ಅದನ್ನು ಎಳೆಯುವುದು, ಉರುಳಿಸುವುದು, ತಡೆದು ನಿಲ್ಲಿಸುವುದು ಸುಲಭ. ಒಣನೆಲದಲ್ಲಿ ಬರಿಗಾಲಿನವನು ಬೂಟಿನವನಿಗಿಂತ ಚುರುಕಾಗಿ ತಿರುಗಬಲ್ಲ. ಆದರೆ ಮಳೆ ಬಿದ್ದು ಹುಲ್ಲು ಕೆಸರಾದರೆ ಲೆಕ್ಕ ತಿರುಗುಮುರುಗಾಗುತ್ತಿತ್ತು. ಬೂಟಿನ ಅಡಿಯ ಮುಳ್ಳುಗಳು ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು, ಬರಿಗಾಲು ಜಾರುತ್ತಿತ್ತು. ಕಾಲಿಗೆ ಕಾಲು ತಾಗಿದಾಗ ನೋಯುತ್ತಿದ್ದುದೂ ಬರಿಗಾಲಿನವನಿಗೇ. 1911ರಲ್ಲಿ ಮೋಹನ್ ಬಾಗಾನ್ ತಂಡದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ಪಡೆಯನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಂದಿನಿಂದ, ಬರಿಗಾಲಿನ ಆಟಕ್ಕೆ ಸ್ವಾಭಿಮಾನದ ಮೆರುಗೂ ಸೇರಿಕೊಂಡಿತ್ತು. ಅದನ್ನು ಕೇವಲ ಬಡತನದ ಗುರುತೆಂದು ನೋಡುವುದಾಗಲಿ, ಕೇವಲ ದೇಶಾಭಿಮಾನವೆಂದು ನೋಡುವುದಾಗಲಿ ಸರಿಯಾಗದು. ಎಳವೆಯಿಂದ ಹಾಗೆಯೇ ಕಲಿತವರಿಗೆ ಅದೇ ಸಹಜವಾದ ಆಟವಾಗಿತ್ತು.

1948ರ ಲಂಡನ್ ಒಲಿಂಪಿಕ್ಸ್

ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಆಡಿದ ಮೊದಲ ಅಂತರರಾಷ್ಟ್ರೀಯ ಪಂದ್ಯ 31 ಜುಲೈ 1948ರಂದು ಲಂಡನ್ನಿನ ಹೊರವಲಯದ ಇಲ್‌ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಫ್ರಾನ್ಸ್ ವಿರುದ್ಧ ನಡೆಯಿತು. ನಾಗಾ ಬೆಟ್ಟಗಳಿಂದ ಬಂದ ವೈದ್ಯ ತಾಲಿಮೆರೆನ್ ಆವೊ ಆ ತಂಡದ ನಾಯಕರು. ಬಲಾಯ್‌ದಾಸ್ ಚಟರ್ಜಿ ತರಬೇತುದಾರರು. ಇಪ್ಪತ್ತೊಂದರ ಹರೆಯದ ಅಹಮದ್ ಖಾನ್ ಜೊತೆಗೆ ಎಸ್. ರಾಮನ್, ಕೆ.ಪಿ. ಧನರಾಜ್, ಗೋಲ್‌ಕೀಪರ್ ಕೆ.ವಿ. ವರದರಾಜ್, ಬಷೀರ್ ಮೊದಲಾದ ಮೈಸೂರಿನ ಆಟಗಾರರು ಆ ತಂಡದಲ್ಲಿದ್ದರು. ಒಂದೇ ಸಂಸ್ಥಾನದಿಂದ, ಅದರಲ್ಲಿಯೂ ಬಹುತೇಕ ಒಂದೇ ಊರಿನ ಮೈದಾನಗಳಿಂದ ಇಷ್ಟು ಮಂದಿ ಆಯ್ಕೆಯಾದದ್ದು ಆ ಕಾಲದ ಬೆಂಗಳೂರು ಫುಟ್‌ಬಾಲಿನ ಎತ್ತರವನ್ನು ತೋರಿಸುತ್ತದೆ.

ಆ ದಿನ ಕಣಕ್ಕಿಳಿದ ಹನ್ನೊಂದು ಭಾರತೀಯರಲ್ಲಿ ಎಂಟು ಮಂದಿ ಬರಿಗಾಲಿನಲ್ಲಿದ್ದರು. ಕೆಲವರು ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು. 30ನೆಯ ನಿಮಿಷದಲ್ಲಿ ಫ್ರಾನ್ಸ್ ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ರಾಮನ್ ಹೊಡೆದ ಗೋಲಿನಿಂದ ಭಾರತ ಸಮ ಮಾಡಿಕೊಂಡಿತು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊತ್ತಮೊದಲ ಗೋಲು ಹೀಗೆ ಮೈಸೂರಿನವರ ಕಾಲಿನಿಂದ ಬಂದಿತು. ದೊರೆತ ಎರಡು ಪೆನಾಲ್ಟಿಗಳನ್ನು ಭಾರತ ಕಳೆದುಕೊಂಡಿತು. ಕೊನೆಗೆ, ಆಟ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಭಾರತೀಯರ ಆಟ ಅಲ್ಲಿಯ ಪ್ರೇಕ್ಷಕರನ್ನು ಒಲಿಸಿಕೊಂಡಿತು. ಈ ತಂಡದ ಕಾಲುಗಳು ಉಕ್ಕಿನವೇ ಎಂದು ಬ್ರಿಟಿಷ್ ರಾಜಮನೆತನದವರು ವಿಚಾರಿಸಿದರೆಂಬ ಕಥೆಯೂ ಈ ಪ್ರವಾಸದಿಂದಲೇ ಹುಟ್ಟಿಕೊಂಡಿತು. ಅದನ್ನು ಇತಿಹಾಸವೆನ್ನುವುದಕ್ಕಿಂತ ದಂತಕಥೆ ಎನ್ನುವುದು ಮೇಲು.

ಅದೇ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಬಾರಿಗೆ ರೋವರ್ಸ್ ಕಪ್ ಗೆದ್ದಿತು. ಬೆಂಗಳೂರಿನ ಕ್ಲಬ್ ಫುಟ್‌ಬಾಲ್ ಮುಟ್ಟಿದ ಶಿಖರ ಅದು. ಮರುವರ್ಷವೇ ಅಹಮದ್ ಕಲ್ಕತ್ತೆಗೆ ಹೊರಟರು.

ಈಸ್ಟ್ ಬೆಂಗಾಲ್ ಮತ್ತು 'ಪಂಚಪಾಂಡವರು'

1920ರಲ್ಲಿ ಸ್ಥಾಪನೆಯಾದ ಈಸ್ಟ್ ಬೆಂಗಾಲ್ ಕ್ಲಬ್ ಪೂರ್ವ ಬಂಗಾಳ ಮೂಲದವರ ಅಭಿಮಾನದ ಸಂಸ್ಥೆ. 1947ರ ದೇಶವಿಭಜನೆಯ ನಂತರ ಅದರ ಅರ್ಥವೇ ಬದಲಾಯಿತು. ಮನೆ, ಹೊಲ, ಊರುಗಳನ್ನು ಬಿಟ್ಟು ಕಲ್ಕತ್ತೆಯ ರೈಲು ನಿಲ್ದಾಣಗಳಲ್ಲಿ, ನಿರಾಶ್ರಿತರ ವಸತಿಗಳಲ್ಲಿ ಬಂದು ನಿಂತ ಲಕ್ಷಾಂತರ ಜನರಿಗೆ, ಕಳೆದುಹೋದ ನಾಡಿನ ಹೆಸರು ಉಳಿದದ್ದು ಒಂದು ಫುಟ್‌ಬಾಲ್ ತಂಡದಲ್ಲಿ. ಆ ತಂಡ ಗೆದ್ದ ದಿನ ಅವರೂ ಗೆದ್ದಂತೆ. ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಜ್ಯೋತಿಷ್ ಚಂದ್ರ ಗುಹ ಬಂಗಾಳದ ಗಡಿಯನ್ನು ಮೀರಿ, ದೇಶದ ಮೂಲೆಮೂಲೆಗಳಿಂದ ಆಟಗಾರರನ್ನು ಕರೆತರುವ ಧೋರಣೆ ಅನುಸರಿಸಿದರು. ಹೊರಗಿನವರನ್ನು ತಂದು ಆಡಿಸುವುದಕ್ಕೆ ಟೀಕೆಗಳಿದ್ದವು. ಆದರೆ ನೆಲೆ ತಪ್ಪಿದ ಜನರ ತಂಡಕ್ಕೆ ದೂರದೂರುಗಳಿಂದ ಬಂದ ಆಟಗಾರರು ಜೀವ ತುಂಬಿದ್ದರಲ್ಲಿ ಒಂದು ಔಚಿತ್ಯವೂ ಇದೆ.

1949ರಲ್ಲಿ ಅಹಮದ್ ಖಾನ್ ಸೇರಿದಾಗ ಈಸ್ಟ್ ಬೆಂಗಾಲಿನ ಮುಂಚೂಣಿಯ ಸಾಲು ಪೂರ್ಣವಾಯಿತು. ಬಲ ಅಂಚಿನಲ್ಲಿ ಪಿ. ವೆಂಕಟೇಶ್, ಬಲ ಇನ್‌ಸೈಡ್ ಸ್ಥಾನದಲ್ಲಿ ಕಾಕಿನಾಡದ ಅಪ್ಪಾರಾವ್, ನಡುವೆ ಬೆಂಗಳೂರಿನ ಧನರಾಜ್, ಎಡ ಇನ್‌ಸೈಡ್ ಸ್ಥಾನದಲ್ಲಿ ಅಹಮದ್, ಎಡ ಅಂಚಿನಲ್ಲಿ ಕೇರಳದ ಪಿ.ಬಿ.ಎ. ಸಾಲೆ. ಐವರೂ ದಕ್ಷಿಣ ಭಾರತದವರು. ಕಲ್ಕತ್ತೆಯ ಜನ ಅವರನ್ನು 'ಪಂಚಪಾಂಡವರು' ಎಂದು ಕರೆದರು. ಈ ಐವರಲ್ಲಿ ಅಪ್ಪಾರಾವ್ ಹಿರಿಯರು. 1940ರ ದಶಕದ ಆರಂಭದಿಂದಲೇ ಕ್ಲಬ್ಬಿನಲ್ಲಿದ್ದವರು. ಅವರೂ ಅಹಮದರೂ ಎರಡು ಕಡೆಯಿಂದ ಆಟ ಹೆಣೆದರೆ, ವೆಂಕಟೇಶ್ ಮತ್ತು ಸಾಲೆ ಅಂಚುಗಳಿಂದ ನುಗ್ಗುತ್ತಿದ್ದರು, ಧನರಾಜ್ ಕೊನೆಯ ಹೊಡೆತ ಹೊಡೆಯುತ್ತಿದ್ದರು. ಒಬ್ಬನ ಪ್ರತಿಭೆಗಿಂತ ಐವರ ಹೊಂದಾಣಿಕೆಯೇ ಈ ಸಾಲಿನ ಬಲವಾಗಿತ್ತು. ಭಾರತದ ಕ್ಲಬ್ ಫುಟ್‌ಬಾಲಿನಲ್ಲಿ ಐವರ ಇಂತಹ ಸಾಲು ಮತ್ತೆ ಕೂಡಿಬರಲಿಲ್ಲ ಎಂಬ ಅಭಿಪ್ರಾಯ ಉತ್ಪ್ರೇಕ್ಷೆಯದಲ್ಲ.

ಫಲ ಮೊದಲ ವರ್ಷವೇ ಕಾಣಿಸಿತು. 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್, ಐ.ಎಫ್.ಎ. ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರನ್ನೂ ಗೆದ್ದಿತು. 1950ರಲ್ಲಿ ಲೀಗ್ ಮತ್ತು ಶೀಲ್ಡ್ ಜೊತೆಗೆ ದೆಹಲಿಯ ಡಿ.ಸಿ.ಎಂ. ಟ್ರೋಫಿ ಬಂದಿತು. 1951ರಲ್ಲಿ ಮತ್ತೆ ಶೀಲ್ಡ್ ಗೆದ್ದಾಗ, ಅದನ್ನು ಸತತ ಮೂರು ವರ್ಷ ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಈಸ್ಟ್ ಬೆಂಗಾಲಿನದಾಯಿತು. ಅದೇ ವರ್ಷ ಡ್ಯುರಾಂಡ್ ಕಪ್ ಕೂಡ ಒಲಿಯಿತು. 1952ರಲ್ಲಿ ಲೀಗ್, ಡ್ಯುರಾಂಡ್, ಡಿ.ಸಿ.ಎಂ. ಮೂರೂ ಬಂದವು. ಕಲ್ಕತ್ತ ಲೀಗ್ ನಡೆಯುತ್ತಿದ್ದುದು ಬೇಸಗೆಯ ಕೊನೆಯಲ್ಲಿ ಆರಂಭವಾಗಿ ಮಳೆಗಾಲದ ನಡುವೆ ಎಂಬುದನ್ನು ನೆನಪಿಡಬೇಕು. ಬೆಂಗಳೂರಿನ ಗಟ್ಟಿ ಕೆಂಪುನೆಲದಲ್ಲಿ ಪಳಗಿದ ಆಟಗಾರನಿಗೆ ಕಲ್ಕತ್ತೆಯ ಮೈದಾನದ ಕೆಸರು ಹೊಸ ಪಾಠ. ಅಲ್ಲಿ ಚೆಂಡು ಉರುಳುವುದಿಲ್ಲ, ಹೂತು ನಿಲ್ಲುತ್ತದೆ. ಅದನ್ನು ನೆಲದಿಂದ ತುಸು ಎತ್ತಿ ಸಾಗಿಸಬೇಕಾಗುತ್ತದೆ.

1953ರಲ್ಲಿ ರುಮೇನಿಯಾದ ಬುಕಾರೆಸ್ಟ್‌ನಲ್ಲಿ ನಡೆದ ವಿಶ್ವ ಯುವಜನ ಉತ್ಸವಕ್ಕೆ ಈಸ್ಟ್ ಬೆಂಗಾಲ್ ತೆರಳಿತು. ಅಲ್ಲಿಂದ ಮುಂದೆ ಸೋವಿಯತ್ ಒಕ್ಕೂಟದಲ್ಲಿ ಪ್ರವಾಸ ಮಾಡಿ, ಬಲಿಷ್ಠವಾದ ಟಾರ್ಪೆಡೊ ಮಾಸ್ಕೊ ತಂಡದೊಂದಿಗೆ 3–3ರಲ್ಲಿ ಸಮ ಮಾಡಿಕೊಂಡಿತು. 1954ರಲ್ಲಿ ಅಹಮದ್ ಖಾನ್ ಕ್ಲಬ್ಬಿನ ನಾಯಕರಾದರು. ಆ ವೇಳೆಗೆ ಐವರ ಸಾಲು ಚದುರಿತ್ತು. ಆದರೆ ಅಹಮದ್ ಉಳಿದರು.

ನಡೆಯದ ವಿಶ್ವಕಪ್

1950ರ ವಿಶ್ವಕಪ್ ಬ್ರೆಜಿಲ್‌ನಲ್ಲಿ ನಡೆಯುವುದಿತ್ತು. ಅರ್ಹತಾ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪೀನ್ಸ್ ದೇಶಗಳು ಹಿಂದೆ ಸರಿದುದರಿಂದ ಭಾರತಕ್ಕೆ ಆಡದೆಯೇ ಪ್ರವೇಶ ದೊರೆಯಿತು; ಇಟಲಿ, ಸ್ವೀಡನ್, ಪರಾಗ್ವೆ ದೇಶಗಳಿದ್ದ ಗುಂಪಿನಲ್ಲಿ ಸ್ಥಾನವೂ ನಿಗದಿಯಾಯಿತು. ಆದರೆ ಭಾರತ ಹೋಗಲಿಲ್ಲ. ಅಹಮದ್ ಖಾನರಿಗೆ ಆಗ ಇಪ್ಪತ್ತಮೂರು ವರ್ಷ, ಆಟದ ಬಿರುಸು ತುಂಬಿದ್ದ ವಯಸ್ಸು.

ಬರಿಗಾಲಿನಲ್ಲಿ ಆಡಲು ಫಿಫಾ ಒಪ್ಪಲಿಲ್ಲವಾದ್ದರಿಂದ ಭಾರತ ಹಿಂದೆ ಸರಿಯಿತೆಂಬ ಮಾತು ಪಠ್ಯಪುಸ್ತಕಗಳಿಂದ ರಸಪ್ರಶ್ನೆಗಳವರೆಗೆ ಹಬ್ಬಿದೆ. ಅದು ಕೇಳಲು ಸೊಗಸಾದರೂ ನಿಲ್ಲುವ ಮಾತಲ್ಲ. ದೂರದ ಹಡಗು ಪ್ರಯಾಣ, ತಯಾರಿಗೆ ಸಮಯದ ಅಭಾವ, ಎಲ್ಲಕ್ಕಿಂತ ಮಿಗಿಲಾಗಿ ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದೆಂದು ಭಾವಿಸಿದ್ದ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ನಿರಾಸಕ್ತಿ, ಇವೇ ನಿಜವಾದ ಕಾರಣಗಳೆಂದು ಇತಿಹಾಸಕಾರರು ಹೇಳುತ್ತಾರೆ. ಪ್ರಯಾಣದ ವೆಚ್ಚದ ದೊಡ್ಡ ಭಾಗವನ್ನು ಭರಿಸಲು ಬ್ರೆಜಿಲ್ ಸಿದ್ಧವಿತ್ತು. ತಂಡದ ನಾಯಕರಾಗಬೇಕಿದ್ದ ಶೈಲೇನ್ ಮನ್ನಾ ಕೂಡ ಬರಿಗಾಲಿನ ಕಾರಣವನ್ನು ಮುಂದೆ ಅಲ್ಲಗಳೆದರು. ತಪ್ಪಿದ ಅವಕಾಶದ ಹೊಣೆಯನ್ನು ಆಟಗಾರರ ಕಾಲಿನ ಮೇಲೆ ಹೊರಿಸುವ ಈ ಕಥೆ, ಅಹಮದರ ಪೀಳಿಗೆಗೆ ಆದ ಅನ್ಯಾಯವೆಂದೇ ಹೇಳಬೇಕು.

ದೆಹಲಿಯ ಚಿನ್ನ, ಹೆಲ್ಸಿಂಕಿಯ ಸೋಲು

ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಮ್ ಭಾರತ ತಂಡದ ತರಬೇತುದಾರರಾದ ಮೇಲೆ ಮೊದಲು ಎದುರಾದ ದೊಡ್ಡ ಪರೀಕ್ಷೆ 1951ರ ಏಷ್ಯನ್ ಕ್ರೀಡಾಕೂಟ. ಭಾರತ ಮೊದಲು ಇಂಡೋನೇಷ್ಯಾವನ್ನು 3–0ರಿಂದ, ಬಳಿಕ ಆಫ್ಘಾನಿಸ್ತಾನವನ್ನು 3–0ರಿಂದ ಸೋಲಿಸಿತು. 10 ಮಾರ್ಚ್ 1951ರಂದು ನಡೆದ ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನನ್ನು 1–0ರಿಂದ ಮಣಿಸಿ ಚಿನ್ನ ಗೆದ್ದಿತು. ಪ್ರಧಾನಿ ಜವಾಹರಲಾಲ್ ನೆಹರೂ ಪ್ರೇಕ್ಷಕರ ಸಾಲಿನಲ್ಲಿದ್ದರು. ಅಂತರರಾಷ್ಟ್ರೀಯ ಫುಟ್‌ಬಾಲಿನಲ್ಲಿ ಭಾರತಕ್ಕೆ ದೊರೆತ ಮೊದಲ ದೊಡ್ಡ ಪ್ರಶಸ್ತಿ ಅದು.

ಹದಿನಾರು ತಿಂಗಳ ನಂತರ ಎಲ್ಲವೂ ತಲೆಕೆಳಗಾಯಿತು. 15 ಜುಲೈ 1952ರಂದು ಹೆಲ್ಸಿಂಕಿಯಲ್ಲಿ ಭಾರತಕ್ಕೆ ಎದುರಾದದ್ದು ಯುಗೊಸ್ಲಾವಿಯ. ಅದು ಮುಂದೆ ಆ ಕೂಟದಲ್ಲಿ ಬೆಳ್ಳಿ ಪದಕ ಪಡೆದ ತಂಡ. ತಂಪು ಹವೆ, ಒದ್ದೆ ಹುಲ್ಲು, ಬೂಟು ಧರಿಸಿದ ಎತ್ತರದ ಆಟಗಾರರು. ಬಹುಪಾಲು ಬರಿಗಾಲಿನಲ್ಲಿದ್ದ ಭಾರತೀಯರು ತಿರುಗುವಾಗಲೆಲ್ಲ ಜಾರಿದರು. ದೇಶದೊಳಗಿನ ಪಂದ್ಯಗಳು ಪೂರ್ಣ 90 ನಿಮಿಷಗಳದ್ದಲ್ಲದ ಕಾರಣ ಅಷ್ಟು ಹೊತ್ತಿನ ಆಟದ ಅಭ್ಯಾಸವೂ ಅವರಿಗೆ ಕಡಿಮೆ. ಬ್ರಾಂಕೊ ಜೆಬೆಕ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಯುಗೊಸ್ಲಾವಿಯ 10–1ರಿಂದ ಗೆದ್ದಿತು. ಆ ಒಂದು ಗೋಲು ಅಹಮದ್ ಖಾನರದು, ಆಟದ 89ನೆಯ ನಿಮಿಷದಲ್ಲಿ ಬಂದದ್ದು.

ದಾಖಲೆಯಲ್ಲಿ ಅದೊಂದು ಸಮಾಧಾನದ ಗೋಲು ಮಾತ್ರ. ಆದರೆ ಸೋಲು ಎಂದೋ ನಿಶ್ಚಿತವಾಗಿದ್ದ ಪಂದ್ಯದಲ್ಲಿ, ಹತ್ತು ಗೋಲು ತಿಂದ ಮೇಲೆಯೂ, ಕೊನೆಯ ನಿಮಿಷದವರೆಗೆ ಎದುರಾಳಿಯ ಗೋಲಿನತ್ತ ಸಾಗುವ ಆಟಗಾರನ ಗುಣ ಅದರಲ್ಲಿ ಕಾಣುತ್ತದೆ. 1948ರಲ್ಲಿ ರಾಮನ್, 1952ರಲ್ಲಿ ಅಹಮದ್: ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ದೇಶದ ಹೆಸರಿಗೆ ಬಂದ ಗೋಲುಗಳು ಇವೆರಡೇ. ಎರಡನ್ನೂ ಹೊಡೆದವರು ಮೈಸೂರಿನ ಮೈದಾನಗಳಲ್ಲಿ ಬೆಳೆದವರು.

ಬೂಟಿನ ಕಾಲ

ಹೆಲ್ಸಿಂಕಿಯಿಂದ ಮರಳಿದ ಮೇಲೆ ಒಕ್ಕೂಟ ಬೂಟು ಧರಿಸುವುದನ್ನು ಕಡ್ಡಾಯ ಮಾಡಿತು. ನಿರ್ಧಾರ ಸರಿಯಾದದ್ದೇ, ಬಹುಶಃ ನಾಲ್ಕು ವರ್ಷ ತಡವಾಯಿತು. ಆದರೆ ಅದರ ಬೆಲೆ ತೆತ್ತವರು ಆಗಲೇ ಇಪ್ಪತ್ತೈದು ದಾಟಿದ್ದ ಆಟಗಾರರು. ಎಳವೆಯಿಂದ ಪಾದಕ್ಕೂ ಚೆಂಡಿಗೂ ನಡುವೆ ಏನೂ ಇಲ್ಲದೆ ಆಡಿದವನು ಒಮ್ಮೆಗೇ ತೊಗಲಿನ ಭಾರವಾದ ಬೂಟಿನೊಳಗೆ ಕಾಲಿಟ್ಟರೆ, ಚೆಂಡು ಎಲ್ಲಿದೆಯೆಂಬುದೇ ಅವನಿಗೆ ತಿಳಿಯದು. ಬರಹಗಾರನ ಕೈಗೆ ದಪ್ಪ ಕೈಚೀಲ ತೊಡಿಸಿ ಬರೆಯೆಂದಂತೆ. ಹಲವರ ಆಟ ಅಲ್ಲಿಗೆ ಮಂಕಾಯಿತು.

ಅಹಮದ್ ಖಾನ್ ಹಾಗೆ ಮರೆಯಾಗಲಿಲ್ಲ. 1954ರಲ್ಲಿ ಮನಿಲಾದಲ್ಲಿ ನಡೆದ ಎರಡನೆಯ ಏಷ್ಯನ್ ಕ್ರೀಡಾಕೂಟಕ್ಕೆ ಆಯ್ಕೆಯಾದರು. ಭಾರತ ಅಲ್ಲಿ ಜಪಾನನ್ನು 3–2ರಿಂದ ಸೋಲಿಸಿತಾದರೂ ಇಂಡೋನೇಷ್ಯಾದೆದುರು 0–4ರಿಂದ ಸೋತು ಗುಂಪಿನ ಹಂತದಲ್ಲಿಯೇ ಹೊರಬಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಗಳಿಸಿದಾಗ ಅಹಮದ್ ತಂಡದಲ್ಲಿರಲಿಲ್ಲ. ಆ ವೇಳೆಗೆ ಬೂಟು ಧರಿಸಿಯೇ ಬೆಳೆದ ಹೊಸ ಪೀಳಿಗೆ ಬಂದಿತ್ತು. ರಹೀಮ್ ಅವರು ಯುರೋಪಿನ ಹೊಸ ವ್ಯೂಹಗಳನ್ನು ಅಭ್ಯಾಸ ಮಾಡಿಸುತ್ತಿದ್ದರು. ಒಬ್ಬನೇ ಚೆಂಡನ್ನು ಹೊತ್ತುಕೊಂಡು ಹೋಗುವ ಆಟಕ್ಕಿಂತ ಬೇಗ ಬೇಗ ಪಾಸ್ ಮಾಡುವ ಆಟಕ್ಕೆ ಬೆಲೆ ಬಂದಿತ್ತು. ಹಾವಾಡಿಗನ ಕಲೆಗೆ ಜಾಗ ಕಿರಿದಾಗುತ್ತಿದ್ದುದು ಸಹಜ.

ಕ್ಲಬ್ಬಿನಲ್ಲಿ ಮಾತ್ರ ಅವರ ಸ್ಥಾನ ಗಟ್ಟಿಯಾಗಿಯೇ ಇತ್ತು. 1956ರಲ್ಲಿ ಡ್ಯುರಾಂಡ್ ಕಪ್, 1957ರಲ್ಲಿ ಡಿ.ಸಿ.ಎಂ. ಟ್ರೋಫಿ, 1958ರ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲಿಗೆ ಬಂದವು. 1959ರಲ್ಲಿ ಅಹಮದ್ ಕ್ಲಬ್ಬಿನಿಂದ ನಿವೃತ್ತರಾದರು. ಒಂದೇ ಕ್ಲಬ್ಬಿನಲ್ಲಿ ಒಂದು ದಶಕ. ವರ್ಷ ವರ್ಷವೂ ಆಟಗಾರರು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್‌ಗಳ ನಡುವೆ ಅಂಗಿ ಬದಲಿಸುವುದು ಕಲ್ಕತ್ತೆಯಲ್ಲಿ ವಾಡಿಕೆಯಾಗಿದ್ದುದನ್ನು ನೆನೆದರೆ ಈ ನಿಷ್ಠೆ ಸಣ್ಣದಲ್ಲ.

ಬೆಂಗಳೂರಿನಿಂದ ಕಲ್ಕತ್ತೆಗೆ

ಅಹಮದ್ ಖಾನ್ ಮತ್ತು ಧನರಾಜ್ ಹಿಡಿದ ಹಾದಿಯಲ್ಲಿ ಮುಂದೆ ಬೆಂಗಳೂರಿನ ಅನೇಕರು ನಡೆದರು. ಪಿ. ಕಣ್ಣನ್, ಎನ್. ಉಲಗನಾಥನ್, 1990ರ ದಶಕದಲ್ಲಿ ಕಾರ್ಲ್‌ಟನ್ ಚಾಪ್‌ಮನ್, ಎಲ್ಲರೂ ಕಲ್ಕತ್ತೆಯ ಕ್ಲಬ್ಬುಗಳಲ್ಲಿ ಹೆಸರು ಮಾಡಿದವರು. ಹೀಗೆ ಒಳ್ಳೆಯ ಆಟಗಾರರೆಲ್ಲ ಹೊರಟುಹೋದರೂ ಮೈಸೂರು ತಂಡ ಸ್ವಲ್ಪ ಕಾಲ ಬಲಿಷ್ಠವಾಗಿಯೇ ಇತ್ತು. 1952–53ರಲ್ಲಿ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿಯನ್ನು ಎರಡನೆಯ ಬಾರಿ ಗೆದ್ದಿತು. 1967–68 ಮತ್ತು 1968–69ರಲ್ಲಿ ಸತತವಾಗಿ ಗೆದ್ದಿತು. ಹೆಚ್.ಎ.ಎಲ್., ಐ.ಟಿ.ಐ. ಮೊದಲಾದ ಸಾರ್ವಜನಿಕ ಉದ್ದಿಮೆಗಳ ತಂಡಗಳೂ ಸೈನ್ಯದ ಎಂ.ಇ.ಜಿ. ತಂಡವೂ ಆಟಗಾರರಿಗೆ ನೌಕರಿಯ ಆಸರೆ ಕೊಟ್ಟು ಊರಿನಲ್ಲಿ ಆಟವನ್ನು ಉಳಿಸಿದವು. ಆದರೆ 1937, 1938, 1948ರಲ್ಲಿ ರೋವರ್ಸ್ ಗೆದ್ದಂತಹ, ಊರ ಹುಡುಗರದೇ ಆದ ಕ್ಲಬ್ಬೊಂದು ಬೆಂಗಳೂರಿನಲ್ಲಿ ಮತ್ತೆ ಆ ಎತ್ತರಕ್ಕೆ ಏರಲಿಲ್ಲ. ಕಲ್ಕತ್ತೆಯಲ್ಲಿ ಲೀಗ್ ಪಂದ್ಯ ನೋಡಲು ಸಾವಿರಾರು ಜನ ಸೇರುತ್ತಿದ್ದರು, ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದವು. ಪ್ರತಿಭೆಗೆ ಪ್ರೇಕ್ಷಕ ಸಿಕ್ಕಿದ ಕಡೆ ಪ್ರತಿಭೆ ಹರಿದುಹೋಯಿತು.

ಇದರ ಇನ್ನೊಂದು ಪರಿಣಾಮವೆಂದರೆ, ಅಹಮದ್ ಖಾನರ ಹೆಸರು ಅವರು ಹುಟ್ಟಿದ ಊರಿಗಿಂತ ಅವರು ಆಡಿದ ಊರಿನಲ್ಲಿ ಹೆಚ್ಚು ಬಾಳಿತು. ಪಂಚಪಾಂಡವರ ಕಥೆಯನ್ನು ಈಸ್ಟ್ ಬೆಂಗಾಲಿನ ಅಭಿಮಾನಿ ಕುಟುಂಬಗಳಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುತ್ತಾರೆ. ಕರ್ನಾಟಕದಲ್ಲಿ ಕ್ರೀಡೆಯೆಂದರೆ ಕ್ರಿಕೆಟ್ ಎನ್ನುವಂತಾದ ದಶಕಗಳಲ್ಲಿ, ಎರಡು ಒಲಿಂಪಿಕ್ಸ್ ಆಡಿದ ಈ ಬೆಂಗಳೂರಿಗರು ತಮ್ಮ ಊರಿನಲ್ಲಿಯೇ ಹೆಚ್ಚು ಸದ್ದಿಲ್ಲದೆ ಬದುಕಿದರು.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ಅಹಮದ್ ಖಾನ್ ಬೆಂಗಳೂರಿಗೆ ಮರಳಿದರು. ಇಳಿವಯಸ್ಸಿನವರೆಗೂ ಈಸ್ಟ್ ಬೆಂಗಾಲ್ ಕ್ಲಬ್ಬಿನೊಂದಿಗೆ ಅವರ ನಂಟು ಉಳಿದಿತ್ತು. 1948ರ ಒಲಿಂಪಿಕ್ ತಂಡದ ಸಂಗಾತಿಗಳು ಒಬ್ಬೊಬ್ಬರಾಗಿ ತೀರಿಕೊಂಡರು. ನಾಯಕ ಆವೊ 1998ರಲ್ಲಿ, ಶೈಲೇನ್ ಮನ್ನಾ 2012ರಲ್ಲಿ. ಅಹಮದ್ ಖಾನ್ 27 ಆಗಸ್ಟ್ 2017ರಂದು ತಮ್ಮ 90ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. 1968–69ರ ಬಳಿಕ ಕೈತಪ್ಪಿದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ತಂಡ ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ.